ರಾಜರ ಬೇಟೆವನ ಹಕ್ಕಿಗಳ ಮನೆಯಾದ ಕಥೆ

ನಿಮ್ಮ ಊರಲ್ಲಿ ಕೆರೆ ಇದೆಯೇ? ಇದ್ದರೆ ಒಂದು ದಿನ ಬೆಳಿಗ್ಗೆ ಅದರ ಏರಿಯ ಮೇಲೆ ನಿಂತು ನೋಡಿ. ಬೆಳ್ಳಕ್ಕಿ ಒಂಟಿ ಕಾಲಲ್ಲಿ ನಿಂತಿರುತ್ತದೆ. ನೀರುಕಾಗೆ ಮುಳುಗಿ ಏಳುತ್ತಿರುತ್ತದೆ. ಎಮ್ಮೆಗಳು ನೀರಲ್ಲಿ ಬಿದ್ದುಕೊಂಡಿರುತ್ತವೆ. ಎಮ್ಮೆಯ ಬೆನ್ನ ಮೇಲೆ ಒಂದು ಹಕ್ಕಿ ಕೂತಿರುತ್ತದೆ. ನಾವು ಇದನ್ನು ದಿನಾ ನೋಡುತ್ತೇವೆ. ದಿನಾ ನೋಡುವುದರಿಂದ ಇದರಲ್ಲಿ ವಿಶೇಷ ಏನಿದೆ ಅನ್ನಿಸುತ್ತದೆ.

ಇದರಲ್ಲಿ ವಿಶೇಷ ಇದೆ. ಕೆರೆ, ಹುಲ್ಲು, ಎಮ್ಮೆ, ಹಕ್ಕಿ, ಮನುಷ್ಯ, ಇವರೆಲ್ಲ ಒಬ್ಬರಿಗೊಬ್ಬರು ಹೇಗೆ ಬೇಕು ಎಂಬುದನ್ನು ಒಂದು ದೊಡ್ಡ ಊರು ಬಹಳ ಕಷ್ಟಪಟ್ಟು ಕಲಿಯಿತು. ಕಲಿಯುವ ಹೊತ್ತಿಗೆ ಜನರ ಪ್ರಾಣವೂ ಹೋಯಿತು. ಆ ಊರಿನ ಕಥೆಯನ್ನು ಈ ಪಾಠದಲ್ಲಿ ಓದೋಣ.

ಎಲ್ಲಿದೆ ಈ ಊರು?

ಊರಿನ ಹೆಸರು ಭರತಪುರ. ಇದು ರಾಜಸ್ಥಾನ ರಾಜ್ಯದಲ್ಲಿದೆ. ತಾಜ್ ಮಹಲ್ ಇರುವ ಆಗ್ರಾ ಪಟ್ಟಣ ಗೊತ್ತಲ್ಲ? ಅಲ್ಲಿಂದ ಪಶ್ಚಿಮಕ್ಕೆ ಸುಮಾರು 55 ಕಿಲೋಮೀಟರ್ ಹೋದರೆ ಭರತಪುರ ಸಿಗುತ್ತದೆ.

ಊರಿನ ಪಕ್ಕದಲ್ಲೇ ಒಂದು ವನ ಇದೆ. ಅದರ ಅಳತೆ ಸುಮಾರು 29 ಚದರ ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಹೇಳಬೇಕಂದರೆ ಸುಮಾರು 7,000 ಎಕರೆ. ಅದರಲ್ಲಿ ಮೂರನೇ ಒಂದು ಪಾಲು ನೀರು ನಿಲ್ಲುವ ಜಾಗ. ಉಳಿದದ್ದು ಹುಲ್ಲುಗಾವಲು, ಜಾಲಿ ಮರ, ಕುರುಚಲು ಕಾಡು.

ವನದ ನಡುವೆ ಒಂದು ಶಿವನ ಗುಡಿ ಇದೆ. ಆ ದೇವರ ಹೆಸರು ಕೇವಲಾದೇವ್. ಅಲ್ಲಿಯ ಜನ ಈ ಜಾಗಕ್ಕೆ 'ಘನಾ' ಅನ್ನುತ್ತಾರೆ. ಘನಾ ಅಂದರೆ ದಟ್ಟವಾದ ಕಾಡು. ಹಾಗಾಗಿ ಇದಕ್ಕೆ 'ಕೇವಲಾದೇವ್ ರಾಷ್ಟ್ರೀಯ ಉದ್ಯಾನ' ಎಂಬ ಹೆಸರು ಬಂತು. 350ಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ಇಲ್ಲಿ ನೋಡಿ ಬರೆದಿಟ್ಟಿದ್ದಾರೆ.

ಮನುಷ್ಯರು ಕಟ್ಟಿದ ಕಾಡು

ಕಾಡು ಅಂದರೆ ತಾನಾಗಿ ಹುಟ್ಟಿದ್ದು ಅಂತ ನಾವು ತಿಳಿಯುತ್ತೇವೆ. ಘನಾ ಹಾಗಲ್ಲ. ಇದನ್ನು ಮನುಷ್ಯರ ಕೈ ಕಟ್ಟಿತು.

ಭರತಪುರದ ಸುತ್ತ ನೆಲ ತಗ್ಗು. ಮಳೆಗಾಲದಲ್ಲಿ ಗಂಭೀರ್ ಮತ್ತು ಬಾಣಗಂಗಾ ಎಂಬ ಎರಡು ನದಿಗಳ ನೀರು ಇಲ್ಲಿಗೆ ನುಗ್ಗುತ್ತಿತ್ತು. 18ನೇ ಶತಮಾನದಲ್ಲಿ ಭರತಪುರವನ್ನು ಸೂರಜ್‌ಮಲ್ ಎಂಬ ರಾಜ ಆಳುತ್ತಿದ್ದ. ಅವನ ಕಾಲದಲ್ಲಿ ಒಂದು ದೊಡ್ಡ ಏರಿ ಹಾಕಿದರು. ಅದಕ್ಕೆ 'ಅಜಾನ್ ಬಂಧ್' ಎಂದು ಹೆಸರು. ಬಂಧ್ ಅಂದರೆ ನಮ್ಮ ಕಡೆಯ ಕಟ್ಟೆ. ನದಿಯ ನೀರು ಮೊದಲು ಅಲ್ಲಿ ನಿಲ್ಲುತ್ತಿತ್ತು. ಆಮೇಲೆ ಕಾಲುವೆಯ ಮೂಲಕ ತಗ್ಗಿಗೆ ಹರಿಯುತ್ತಿತ್ತು.

ನೀರು ಬಂದ ಮೇಲೆ ಹಕ್ಕಿ ಬಂತು. ಹಕ್ಕಿ ಬಂದ ಮೇಲೆ ರಾಜರಿಗೆ ಬೇಟೆಯ ಆಸೆ ಬಂತು.

19ನೇ ಶತಮಾನದ ಕೊನೆಗೆ ಭರತಪುರದ ಅರಮನೆಯವರು ಘನಾವನ್ನು ಬಾತುಕೋಳಿ ಬೇಟೆಯ ಜಾಗವಾಗಿ ಮಾಡಿದರು. ಒಳಗೆ ಸಣ್ಣ ಸಣ್ಣ ಏರಿಗಳನ್ನು ಹಾಕಿಸಿದರು. ತೂಬುಗಳನ್ನು ಇಡಿಸಿದರು. ಗದ್ದೆಗೆ ಬದು ಹಾಕಿ ಮಡಿ ಮಾಡುತ್ತೇವಲ್ಲ, ಹಾಗೆ ನೀರನ್ನು ಭಾಗ ಮಾಡಿದರು. ಯಾವ ಭಾಗಕ್ಕೆ ಎಷ್ಟು ನೀರು ಬೇಕೋ ಅಷ್ಟು ಬಿಡುವ ಹಾಗಾಯಿತು. ಏರಿಯ ಮೇಲೆ ಓಡಾಡಲು ದಾರಿ ಆಯಿತು. ಚಳಿಗಾಲದಲ್ಲಿ ದೂರದ ದೇಶಗಳಿಂದ ಬಾತುಕೋಳಿಗಳು ಬಂದು ಈ ನೀರಿನ ಮೇಲೆ ಕಪ್ಪು ಹಾಸಿನ ಹಾಗೆ ಕೂರುತ್ತಿದ್ದವು. ಆಗ ಅರಮನೆಗೆ ಅತಿಥಿಗಳು ಬರುತ್ತಿದ್ದರು. ಬ್ರಿಟಿಷ್ ವೈಸರಾಯರು, ಬೇರೆ ಸಂಸ್ಥಾನದ ರಾಜರು, ದೊಡ್ಡ ದೊಡ್ಡ ಅಧಿಕಾರಿಗಳು ಬಂದೂಕು ಹಿಡಿದು ಬರುತ್ತಿದ್ದರು.

ಕಲ್ಲಿನ ಮೇಲೆ ಬರೆದ ಲೆಕ್ಕ

ಕೇವಲಾದೇವ್ ಗುಡಿಯ ಹತ್ತಿರ ಕಲ್ಲಿನ ಫಲಕಗಳಿವೆ. ಅವುಗಳ ಮೇಲೆ ಬೇಟೆಯ ಲೆಕ್ಕ ಕೆತ್ತಿದ್ದಾರೆ. ಯಾವ ದಿನ ಬೇಟೆ ನಡೆಯಿತು, ಯಾರ ಗೌರವಕ್ಕೆ ನಡೆಯಿತು, ಎಷ್ಟು ಬಂದೂಕು ಇದ್ದವು, ಎಷ್ಟು ಹಕ್ಕಿ ಸತ್ತವು, ಎಲ್ಲ ಅಲ್ಲಿದೆ.

1902ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಬಂದಾಗ ಹೊಡೆದ ಹಕ್ಕಿಗಳು 540.

1938ರ ನವೆಂಬರ್ 12ರಂದು ವೈಸರಾಯ್ ಲಾರ್ಡ್ ಲಿನ್‌ಲಿತ್‌ಗೋ ಬಂದಿದ್ದರು. ಆ ಒಂದೇ ದಿನ ಹೊಡೆದ ಹಕ್ಕಿಗಳು 4,273.

ಈ ಅಂಕಿಯನ್ನು ಇನ್ನೊಂದು ಸಲ ಗಟ್ಟಿಯಾಗಿ ಓದಿ. ನಾಲ್ಕು ಸಾವಿರದ ಇನ್ನೂರ ಎಪ್ಪತ್ತಮೂರು. ತಿನ್ನೋದಕ್ಕೆ ಅಂತ ಯಾರೂ ಒಂದು ದಿನದಲ್ಲಿ ಇಷ್ಟು ಹಕ್ಕಿ ಹೊಡೆಯೋದಿಲ್ಲ. ಇದು ಮೋಜಿಗೆ ಮಾಡಿದ ಬೇಟೆ. ನಾವು ದೊಡ್ಡವರು ಅಂತ ತೋರಿಸೋದಕ್ಕೆ ಮಾಡಿದ ಬೇಟೆ. ಅದಕ್ಕೇ ಕಲ್ಲಿನ ಮೇಲೆ ಬರೆಸಿದರು.

ನಮ್ಮ ಕಲಿಕಾ ಕೇಂದ್ರದಲ್ಲಿ ಈ ಸಂಗತಿ ಹೇಳಿದಾಗ ಒಬ್ಬ ಅಜ್ಜ ಒಂದು ಮಾತು ಕೇಳಿದರು. "ಮೇಷ್ಟ್ರೇ, ಹಕ್ಕಿ ಲೆಕ್ಕ ಬರೆಸಿದ್ರಲ್ಲ, ಏರಿ ಹಾಕಿದ ಮಣ್ಣು ಕೆಲಸದವರ ಹೆಸರು ಏನಾದ್ರೂ ಬರೆಸಿದ್ರಾ?" ಅಂದರು. ಆ ಫಲಕಗಳಲ್ಲಿ ಇರುವುದು ಬೇಟೆಗೆ ಬಂದ ದೊಡ್ಡವರ ಹೆಸರು ಮಾತ್ರ. ಓದು ಬಂದರೆ ಬರೆದದ್ದು ಗೊತ್ತಾಗುತ್ತದೆ. ಏನನ್ನು ಬರೆದಿಲ್ಲ ಅನ್ನುವುದೂ ಗೊತ್ತಾಗುತ್ತದೆ.

ಬಂದೂಕಿನ ಸದ್ದು ನಿಂತಿತು

1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಸಂಸ್ಥಾನಗಳು ಹೋದವು. ಘನಾವನ್ನು ಏನು ಮಾಡಬೇಕು ಎಂಬ ಪ್ರಶ್ನೆ ಎದ್ದಿತು. ಹಕ್ಕಿಗಳ ವಿಷಯದಲ್ಲಿ ದೊಡ್ಡ ವಿದ್ವಾಂಸರಾದ ಸಲೀಂ ಅಲಿ ಅವರು ಈ ಜಾಗ ಉಳಿಯಬೇಕು ಎಂದು ಬಹಳ ಶ್ರಮಪಟ್ಟರು. ನಮ್ಮ ಕಾವೇರಿ ದಂಡೆಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮ ಆದದ್ದು ಕೂಡ ಇದೇ ಸಲೀಂ ಅಲಿಯವರ ಮಾತಿನಿಂದ. ಅವರು ಮೈಸೂರು ಮಹಾರಾಜರಿಗೆ ಹೇಳಿ ಅದನ್ನು ಮಾಡಿಸಿದರು.

1956ರಲ್ಲಿ ಘನಾ ಪಕ್ಷಿಧಾಮ ಆಯಿತು. ಆದರೆ ಬೇಟೆಯಾಡುವ ಹಕ್ಕು ಮಹಾರಾಜರಿಗೆ ಇನ್ನೂ ಉಳಿದಿತ್ತು. 1972ರಲ್ಲಿ ಅದೂ ಹೋಯಿತು. ಅದೇ ವರ್ಷ ದೇಶಕ್ಕೆಲ್ಲ ಅನ್ವಯ ಆಗುವ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1980ರ ದಶಕದ ಮೊದಲಲ್ಲಿ ಘನಾ ರಾಷ್ಟ್ರೀಯ ಉದ್ಯಾನ ಆಯಿತು. 1985ರಲ್ಲಿ ವಿಶ್ವಸಂಸ್ಥೆಯ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣ ಎಂದು ಹೇಳಿತು. ಇಡೀ ಪ್ರಪಂಚ ಉಳಿಸಿಕೊಳ್ಳಬೇಕಾದ ಜಾಗ ಎಂಬುದು ಇದರ ಅರ್ಥ.

ರಾಜರ ಮೋಜಿನ ಜಾಗ ಈಗ ಎಲ್ಲರ ಆಸ್ತಿ ಆಯಿತು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಎಮ್ಮೆಗಳನ್ನು ಹೊರಗೆ ಹಾಕಿದರು

ಘನಾದ ಸುತ್ತ ಹಳ್ಳಿಗಳಿವೆ. ಆ ಹಳ್ಳಿಯ ಜನ ತಲೆತಲಾಂತರದಿಂದ ತಮ್ಮ ಎಮ್ಮೆ, ದನಗಳನ್ನು ಅಲ್ಲಿ ಮೇಯಿಸುತ್ತಿದ್ದರು. ಹುಲ್ಲು ತರುತ್ತಿದ್ದರು. ಒಣಗಿದ ಸೌದೆ ಆರಿಸುತ್ತಿದ್ದರು. ರಾಜರ ಕಾಲದಲ್ಲೂ ಇದು ನಡೆದಿತ್ತು. ನಮ್ಮಲ್ಲಿ ಗೋಮಾಳ ಇದ್ದ ಹಾಗೆ ಅವರಿಗೆ ಘನಾ.

ರಾಷ್ಟ್ರೀಯ ಉದ್ಯಾನ ಅಂದರೆ ಒಳಗೆ ದನ ಮೇಯಿಸಬಾರದು ಎಂಬುದು ಕಾನೂನು. ವನದ ಸುತ್ತ ಆಳೆತ್ತರದ ಕಲ್ಲಿನ ಗೋಡೆ ಎದ್ದಿತು. 1982ರ ನವೆಂಬರಿನಲ್ಲಿ ಮೇವು ಪೂರ್ತಿ ನಿಲ್ಲಿಸಿದರು. ದನ ಮೇಯುವುದರಿಂದ ಹಕ್ಕಿಗಳಿಗೆ ತೊಂದರೆ, ದನ ನಿಂತರೆ ಹಕ್ಕಿ ಹೆಚ್ಚುತ್ತವೆ ಎಂದು ತಿಳಿದವರೂ ಹೇಳುತ್ತಿದ್ದರು.

ಹಳ್ಳಿಯವರಿಗೆ ದಿಕ್ಕು ತೋಚಲಿಲ್ಲ. ಎಮ್ಮೆ ಅವರ ಜೀವನ. ಹಾಲು ಮಾರಿ ಬದುಕುವವರು ಎಮ್ಮೆಯನ್ನು ಎಲ್ಲಿಗೆ ಹೊಡೆದುಕೊಂಡು ಹೋಗಬೇಕು? ಗೋಡೆಯ ಆಚೆ ಬೇರೆ ಮೇವು ಎಲ್ಲಿದೆ? ಜನ ಗುಂಪಾಗಿ ಬಂದು ಪ್ರತಿಭಟನೆ ಮಾಡಿದರು. ಪೊಲೀಸರಿಗೂ ಜನರಿಗೂ ಜಗಳ ಹತ್ತಿತು. ಗೋಲಿಬಾರ್ ಆಯಿತು. ಹಳ್ಳಿಯವರು ಸತ್ತರು.

ಹಕ್ಕಿಯ ಮೇಲೆ ಹಾರುತ್ತಿದ್ದ ಗುಂಡು ನಿಂತ ಜಾಗದಲ್ಲಿ, ಸುಮಾರು ಹತ್ತು ವರ್ಷದಲ್ಲಿ, ಮನುಷ್ಯರ ಮೇಲೆ ಗುಂಡು ಹಾರಿತು. ಇದು ಈ ಕಥೆಯಲ್ಲಿ ಎಲ್ಲಕ್ಕಿಂತ ದುಃಖದ ಮಾತು.

ಹುಲ್ಲು ಹೇಳಿದ ಪಾಠ

ಎಮ್ಮೆಗಳು ಹೊರಗೆ ಹೋದವು. ಹಕ್ಕಿಗಳು ಹೆಚ್ಚಾದವೇ?

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಎಂಬ ಸಂಸ್ಥೆ ಇದೆ. ಅದರ ವಿಜ್ಞಾನಿಗಳು 1980ರಿಂದ 1990ರ ವರೆಗೆ ಘನಾದಲ್ಲಿ ಇದ್ದು ಅಧ್ಯಯನ ಮಾಡಿದರು. ಹತ್ತು ವರ್ಷ ನೀರು ಅಳೆದರು, ಮೀನು ಎಣಿಸಿದರು, ಗೂಡು ಎಣಿಸಿದರು. ಎಮ್ಮೆ ಇದ್ದಾಗ ಹೇಗಿತ್ತು, ಇಲ್ಲದಾಗ ಹೇಗಾಯಿತು ಎಂದು ಹೋಲಿಸಿ ನೋಡಿದರು.

ಅವರಿಗೆ ಕಂಡದ್ದು ಇದು. ಘನಾದ ನೀರಿನಲ್ಲಿ ಒಂದು ಜಾತಿಯ ಹುಲ್ಲು ಬೆಳೆಯುತ್ತದೆ. ನೆಲದಲ್ಲಿ ಬೇರು ಬಿಟ್ಟು ನೀರಿನ ಮೇಲೆ ಹಬ್ಬುತ್ತದೆ. ಮೊದಲು ಎಮ್ಮೆಗಳು ನೀರಿಗೆ ಇಳಿದು ಇದನ್ನು ತಿನ್ನುತ್ತಿದ್ದವು. ಎಮ್ಮೆ ಓಡಾಡಿದ ಕಡೆ ನೀರು ಬಯಲಾಗಿ ಇರುತ್ತಿತ್ತು. ಎಮ್ಮೆ ಹೋದ ಮೇಲೆ ಹುಲ್ಲಿಗೆ ತಡೆ ಇಲ್ಲ. ಅದು ಚಾಪೆ ಹಾಸಿದ ಹಾಗೆ ನೀರನ್ನು ಮುಚ್ಚಿತು.

ನೀರು ಮುಚ್ಚಿದರೆ ಏನಾಗುತ್ತದೆ? ಬಾತುಕೋಳಿಗೆ ಈಜಲು ಜಾಗ ಇಲ್ಲ. ಮೀನಿಗೆ ಬೆಳೆಯಲು ಜಾಗ ಇಲ್ಲ. ಮೀನು ಕಡಿಮೆಯಾದರೆ ಕೊಕ್ಕರೆಯ ಮರಿಗೆ ಹೊಟ್ಟೆಗಿಲ್ಲ. ನೀರಿನ ಗಿಡಗಳ ಗೆಡ್ಡೆ ಕಿತ್ತು ತಿನ್ನುವ ಹಕ್ಕಿಗಳಿಗೂ ತೊಂದರೆ. ಹೆಚ್ಚಬೇಕಾದ ಹಕ್ಕಿಗಳಲ್ಲಿ ಎಷ್ಟೋ ಜಾತಿಗಳು ಕಡಿಮೆಯಾದವು.

ಅಂದರೆ ಎಮ್ಮೆ ಹಕ್ಕಿಗೆ ಶತ್ರು ಆಗಿರಲಿಲ್ಲ. ಹಕ್ಕಿಯ ಮನೆ ಗುಡಿಸುವ ಕೆಲಸ ಮಾಡುತ್ತಿತ್ತು!

ವಿಜ್ಞಾನಿಗಳು ತಮಗೆ ಕಂಡ ಸತ್ಯವನ್ನು ಮುಚ್ಚಿಡಲಿಲ್ಲ. ಮೊದಲು ತಿಳಿದದ್ದು ಸರಿಯಲ್ಲ ಎಂದು ಬರೆದರು. ಆಮೇಲೆ ಅರಣ್ಯ ಇಲಾಖೆಯವರು ಹಳ್ಳಿಯ ಜನರಿಗೆ ಒಳಗೆ ಬಂದು ಹುಲ್ಲು ಕೊಯ್ದುಕೊಂಡು ಹೋಗಲು ಪರವಾನಗಿ ಕೊಟ್ಟರು. ದನ ಒಳಗೆ ಬರಲಿಲ್ಲ, ಆದರೆ ಹುಲ್ಲು ದನದ ಹತ್ತಿರ ಹೋಯಿತು.

ಇದನ್ನು ಓದಿ ಎಲ್ಲಾ ಕಾಡಿನಲ್ಲೂ ದನ ಬಿಡಬಹುದು ಅಂತ ತಿಳಿಯಬಾರದು. ಎಳೆ ಗಿಡ ಇರುವ ಕಡೆ, ಬೆಟ್ಟದ ಇಳಿಜಾರಿನ ಕಡೆ ದನ ಮೇದರೆ ಕಾಡು ಹಾಳಾಗುತ್ತದೆ. ಜಾಗ ಬೇರೆ ಆದರೆ ಲೆಕ್ಕ ಬೇರೆ. ಅದಕ್ಕೇ ಮೊದಲು ನೋಡಬೇಕು, ಅಲ್ಲಿರುವವರನ್ನು ಕೇಳಬೇಕು, ಆಮೇಲೆ ನಿಯಮ ಮಾಡಬೇಕು.

ಬಾರದೆ ಹೋದ ಹಕ್ಕಿ

ಘನಾಕ್ಕೆ ಪ್ರತಿ ಚಳಿಗಾಲ ಒಂದು ವಿಶೇಷ ಅತಿಥಿ ಬರುತ್ತಿತ್ತು. ಅದು ಸೈಬೀರಿಯಾದ ಬಿಳಿ ಸಾರಸ. ಎತ್ತರದ ಹಕ್ಕಿ. ಮೈಯೆಲ್ಲ ಹಾಲಿನ ಹಾಗೆ ಬಿಳುಪು. ಮುಖ ಮಾತ್ರ ಕೆಂಪು. ಹಾರುವಾಗ ರೆಕ್ಕೆಯ ತುದಿಯ ಕಪ್ಪು ಗರಿ ಕಾಣುತ್ತದೆ. ಸೈಬೀರಿಯಾ ಇರುವುದು ರಷ್ಯಾ ದೇಶದಲ್ಲಿ. ಅಲ್ಲಿ ಚಳಿಗಾಲದಲ್ಲಿ ನೀರೆಲ್ಲ ಗಟ್ಟಿಯಾಗಿ ಮಂಜುಗಡ್ಡೆ ಆಗುತ್ತದೆ. ಆಗ ಈ ಹಕ್ಕಿ ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ, ಸಾವಿರಾರು ಕಿಲೋಮೀಟರ್ ಹಾರಿ ಘನಾಕ್ಕೆ ಬರುತ್ತಿತ್ತು. ಮರಿಯನ್ನೂ ಜೊತೆಗೆ ಕರೆದುಕೊಂಡು ಬರುತ್ತಿತ್ತು. ದಾರಿಯನ್ನು ಮರಿ ತಂದೆ ತಾಯಿಯಿಂದ ಕಲಿಯುತ್ತಿತ್ತು.

1960ರ ದಶಕದಲ್ಲಿ ಇಂಥ ಸುಮಾರು 200 ಹಕ್ಕಿಗಳು ಘನಾಕ್ಕೆ ಬಂದದ್ದುಂಟು. ಆಮೇಲೆ ವರ್ಷ ವರ್ಷವೂ ಕಡಿಮೆಯಾಗುತ್ತಾ ಬಂತು. 2002ರ ಚಳಿಗಾಲ ಮುಗಿಯುವ ಹೊತ್ತಿಗೆ ಉಳಿದಿದ್ದದ್ದು ಒಂದೇ ಜೋಡಿ. ಆ ಜೋಡಿ ಹಾರಿ ಹೋಯಿತು. ಮತ್ತೆ ಬರಲಿಲ್ಲ.

ಯಾಕೆ ಬರಲಿಲ್ಲ? ದಾರಿಯಲ್ಲಿ ಬೇಟೆಗಾರರು ಹೊಡೆದರು. ಅಫ್ಘಾನಿಸ್ತಾನದಲ್ಲಿ ಯುದ್ಧ ನಡೆಯಿತು. ದಾರಿಯಲ್ಲಿ ಇಳಿದು ದಣಿವು ಆರಿಸಿಕೊಳ್ಳುವ ಕೆರೆಗಳು ಬತ್ತಿದವು. ಘನಾದಲ್ಲಿ ಗೋಡೆ ಇತ್ತು, ಕಾವಲು ಇತ್ತು. ಆದರೆ ದಾರಿಗೆ ಕಾವಲು ಎಲ್ಲಿಂದ ತರೋದು? ಹಾರುವ ಹಕ್ಕಿಯನ್ನು ಒಂದೇ ಊರು ಉಳಿಸಲಾರದು. ದಾರಿಯ ಉದ್ದಕ್ಕೂ ಇರುವ ಊರುಗಳೆಲ್ಲ ಸೇರಿ ಉಳಿಸಬೇಕು.

ಇದು ನಮಗೂ ಸೇರಿದ ಮಾತು. ಪಟ್ಟೆ ತಲೆಯ ಹೆಬ್ಬಾತು ಎಂಬ ಇನ್ನೊಂದು ಹಕ್ಕಿ ಇದೆ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುತ್ತದೆ. ಅದು ಹಿಮಾಲಯದ ಆಚೆಯಿಂದ ಪರ್ವತ ದಾಟಿ ಬರುತ್ತದೆ. ಘನಾಕ್ಕೂ ಬರುತ್ತದೆ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತದೆ. ನಮ್ಮ ಕೆರೆ ಬತ್ತಿದರೆ, ನಾವು ಕಲ್ಲು ಹೊಡೆದರೆ, ಅದಕ್ಕೂ ದಾರಿ ತಪ್ಪುತ್ತದೆ.

ನೀರಿನ ಜಗಳ

ಘನಾ ಬದುಕುವುದು ನೀರಿನಿಂದ. ಒಂದು ವರ್ಷಕ್ಕೆ ಸುಮಾರು 55 ಕೋಟಿ ಘನ ಅಡಿ ನೀರು ಬೇಕು ಎಂದು ಲೆಕ್ಕ ಹಾಕಿದ್ದಾರೆ. ಮೊದಲು ಈ ನೀರು ಗಂಭೀರ್ ನದಿಯಿಂದ ಬಂದು ಅಜಾನ್ ಕಟ್ಟೆಯಲ್ಲಿ ನಿಂತು ಘನಾಕ್ಕೆ ಹರಿಯುತ್ತಿತ್ತು. ನದಿ ನೀರಿನ ಜೊತೆ ಮೀನಿನ ಮರಿಗಳೂ ಬರುತ್ತಿದ್ದವು. ಅವು ಬೆಳೆಯುವ ಹೊತ್ತಿಗೆ ಜಾಲಿ ಮರಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತಿದ್ದವು. ಮರಿಗೆ ಮೀನು ಸಿಗುತ್ತಿತ್ತು. ಮಳೆ, ನದಿ, ಮೀನು, ಮರಿ, ಎಲ್ಲಾ ಒಂದೇ ಸರಪಳಿ.

ನದಿಯ ಮೇಲ್ಭಾಗದಲ್ಲಿ ಕರೌಲಿ ಎಂಬ ಜಿಲ್ಲೆ ಇದೆ. ಅಲ್ಲಿ ಪಾಂಚನಾ ಎಂಬ ಅಣೆಕಟ್ಟು ಕಟ್ಟಿದರು. ನೀರು ಅಲ್ಲೇ ನಿಂತಿತು. ಮಳೆ ಚೆನ್ನಾಗಿ ಆದ ವರ್ಷ ಹೇಗೋ ನಡೆಯಿತು. ಮಳೆ ಕೈಕೊಟ್ಟ ವರ್ಷ ಘನಾ ಒಣಗಿತು. 2004ರಲ್ಲಿ ಜಗಳ ಜೋರಾಯಿತು. ಹಕ್ಕಿಗೆ ನೀರು ಬಿಡಿ ಎಂದು ಒಂದು ಕಡೆ. ಹಕ್ಕಿಗೆ ಬಿಟ್ಟರೆ ನಮ್ಮ ಹೊಲಕ್ಕೆ ಏನು ಎಂದು ಪಾಂಚನಾ ಕಡೆಯ ರೈತರು ಇನ್ನೊಂದು ಕಡೆ. ಆ ವರ್ಷ ಘನಾಕ್ಕೆ ಬೇಕಾದಷ್ಟು ನೀರು ಸಿಗಲಿಲ್ಲ.

ಇಲ್ಲಿ ತಪ್ಪು ಯಾರದು? ಹೊಲ ಒಣಗಿದ ರೈತನ ಕಷ್ಟ ನಮಗೆ ಗೊತ್ತು. ಅವನು ಕೆಟ್ಟವನಲ್ಲ. ಹಕ್ಕಿಗೆ ಬಾಯಿಲ್ಲ, ಅದು ಅರ್ಜಿ ಬರೆಯಲಾರದು. ಒಂದು ನದಿಗೆ ಕಟ್ಟೆ ಕಟ್ಟುವಾಗಲೇ ಕೆಳಗಿನವರ ಪಾಲು ಎಷ್ಟು ಎಂದು ಕೂತು ಮಾತಾಡಿ ಬರೆದಿಡಬೇಕು. ಬರಗಾಲ ಬಂದ ಮೇಲೆ ಪಾಲು ಮಾಡಲು ಹೋದರೆ ಜಗಳವೇ ಆಗುತ್ತದೆ. ನಮ್ಮ ಕೆರೆ, ಕಾಲುವೆಗಳಲ್ಲೂ ಮೇಲಿನ ಹೊಲದವರಿಗೂ ಕೊನೆಯ ಹೊಲದವರಿಗೂ ನಡೆಯುವುದು ಇದೇ ಅಲ್ಲವೇ?

ಕೊನೆಗೆ ಬೇರೆ ದಾರಿ ಹುಡುಕಿದರು. ಗೋವರ್ಧನ ಎಂಬ ಊರಿನ ಕಡೆ ಮಳೆಗಾಲದ ಹೆಚ್ಚುವರಿ ನೀರು ಹರಿಯುವ ಒಂದು ದೊಡ್ಡ ಕಾಲುವೆ ಇದೆ. ಅಲ್ಲಿಂದ ಪೈಪು ಹಾಕಿ ಘನಾಕ್ಕೆ ನೀರು ತರುವ ಕೆಲಸ 2012ರ ಹೊತ್ತಿಗೆ ಮುಗಿಯಿತು. ಚಂಬಲ್ ನದಿಯ ನೀರನ್ನೂ ಸ್ವಲ್ಪ ತಂದರು. ಪೈಪಿನ ನೀರು ಜೀವ ಉಳಿಸಿತು. ಆದರೆ ಹೊಳೆ ತಾನಾಗಿ ಹರಿದು ಬಂದಾಗ ಇದ್ದ ಮೀನು, ಹುಳು, ಕೆಸರು ಪೈಪಿನಲ್ಲಿ ಅಷ್ಟೇ ಪ್ರಮಾಣದಲ್ಲಿ ಬರುವುದಿಲ್ಲ.

ಬಳ್ಳಾರಿ ಜಾಲಿಯ ಕಾಟ

ನೀರು ಇಲ್ಲದ ವರ್ಷಗಳಲ್ಲಿ ಘನಾದೊಳಗೆ ಒಂದು ಮುಳ್ಳಿನ ಗಿಡ ನುಗ್ಗಿತು. ನೀರು ನಿಲ್ಲುವ ಜಾಗದಲ್ಲೂ ಬೆಳೆಯಿತು. ಬೇರೆ ಗಿಡಕ್ಕೆ ಜಾಗ ಬಿಡಲಿಲ್ಲ. ಇದು ಯಾವ ಗಿಡ ಗೊತ್ತೇ? ನಾವು ಬಳ್ಳಾರಿ ಜಾಲಿ ಅನ್ನುತ್ತೇವಲ್ಲ, ಅದೇ. ನಮ್ಮ ಬಯಲುಸೀಮೆಯ ಕೆರೆ ಅಂಗಳದಲ್ಲಿ ಬೆಳೆದು ನಿಂತಿರುವ ಅದೇ ಗಿಡ. ಇದು ನಮ್ಮ ದೇಶದ್ದಲ್ಲ. ಅಮೆರಿಕ ಖಂಡದಿಂದ ಬಂದದ್ದು.

ಇಷ್ಟು ದೊಡ್ಡ ಜಾಗದಲ್ಲಿ ಬೇರು ಸಮೇತ ಕೀಳುವುದು ಸುಲಭವಲ್ಲ. ಆಗ ಅರಣ್ಯ ಇಲಾಖೆಯವರು ಹಳ್ಳಿಯವರನ್ನೇ ಕರೆದರು. ಹಳ್ಳಿಗಳಲ್ಲಿ ಸಮಿತಿ ಮಾಡಿದರು. ಜನ ಬಂದು ಗಿಡವನ್ನು ಬೇರು ಸಮೇತ ಕಿತ್ತರು. ಕಿತ್ತ ಸೌದೆಯನ್ನು ಅವರೇ ತೆಗೆದುಕೊಂಡರು. ಕೆಲವರು ಉರುವಲು ಮಾಡಿದರು, ಕೆಲವರು ಮಾರಿದರು. ಘನಾಕ್ಕೆ ಮುಳ್ಳು ಹೋಯಿತು, ಜನರಿಗೆ ನಾಲ್ಕು ಕಾಸು ಸಿಕ್ಕಿತು.

ನೋಡಿ, 1982ರಲ್ಲಿ ಹಳ್ಳಿಯವರನ್ನು ಹೊರಗೆ ಹಾಕಿದ ಜಾಗಕ್ಕೆ ಮತ್ತೆ ಅವರನ್ನೇ ಕರೆಯಬೇಕಾಯಿತು. ಗೋಡೆ ಮಾತ್ರ ಕಾಡನ್ನು ಕಾಯುವುದಿಲ್ಲ.

ರಿಕ್ಷಾದವರು ಗುರುಗಳಾದರು

ಘನಾವನ್ನು ನೋಡಲು ದೇಶ ವಿದೇಶದಿಂದ ಜನ ಬರುತ್ತಾರೆ. ಕಾರು, ಬಸ್ಸಿನ ಸದ್ದಿಗೆ ಹಕ್ಕಿ ಹೆದರುತ್ತದೆ. ಅದಕ್ಕೇ ಬಂದವರು ನಡೆದು, ಸೈಕಲ್ಲಿನಲ್ಲಿ, ಇಲ್ಲವೇ ಸೈಕಲ್ ರಿಕ್ಷಾದಲ್ಲಿ ಒಳಗೆ ಹೋಗುವ ಪದ್ಧತಿ ಬಂತು. ಹಿಂದೆ ಬೇಟೆಗಾರರು ಓಡಾಡಲು ಹಾಕಿದ ಏರಿಯ ದಾರಿಯಲ್ಲೇ ಈಗ ಹಕ್ಕಿ ನೋಡುವವರು ಓಡಾಡುತ್ತಾರೆ.

ರಿಕ್ಷಾ ತುಳಿಯುವವರಲ್ಲಿ ಅನೇಕರು ಶಾಲೆಗೆ ಹೆಚ್ಚು ಹೋದವರಲ್ಲ. ಅರಣ್ಯ ಇಲಾಖೆಯವರು ಅವರಿಗೆ ತರಬೇತಿ ಕೊಟ್ಟರು. ಅವರು ಒಂದೊಂದಾಗಿ ಹಕ್ಕಿಗಳ ಹೆಸರು ಕಲಿತರು. ಹಕ್ಕಿಯ ಕೂಗು ಕಲಿತರು. ಯಾವುದು ಎಲ್ಲಿ ಗೂಡು ಕಟ್ಟುತ್ತದೆ, ಯಾವ ತಿಂಗಳು ಬರುತ್ತದೆ ಎಂದು ಕಲಿತರು. ಈಗ ರಿಕ್ಷಾ ನಿಲ್ಲಿಸಿ, ಬೆರಳು ತೋರಿಸಿ, "ಅದೋ ಆ ಕೊಂಬೆಯಲ್ಲಿ ಗೂಬೆ" ಎಂದು ಅವರೇ ಹೇಳಿಕೊಡುತ್ತಾರೆ. ದೊಡ್ಡ ಓದು ಓದಿದವರು ಅವರ ಮಾತು ಕೇಳಿ ಬರೆದುಕೊಳ್ಳುತ್ತಾರೆ.

ಈ ಸಂಗತಿ ಹೇಳುವಾಗ ನನಗೆ ನಮ್ಮ ಕೇಂದ್ರದ ಅಕ್ಕಂದಿರು, ಅಣ್ಣಂದಿರು ನೆನಪಾಗುತ್ತಾರೆ. "ಈ ವಯಸ್ಸಲ್ಲಿ ನಮಗೆ ಯಾಕೆ ಮೇಷ್ಟ್ರೇ ಓದು" ಎಂದು ಮೊದಲ ದಿನ ಎಲ್ಲರೂ ಹೇಳಿದವರೇ. ರಿಕ್ಷಾ ತುಳಿಯುತ್ತಲೇ 300 ಹಕ್ಕಿಗಳ ಹೆಸರು ಕಲಿಯಬಹುದಾದರೆ, ಹೊಲದ ಕೆಲಸ ಮಾಡುತ್ತಲೇ ನಾವು ಐವತ್ತು ಅಕ್ಷರ ಕಲಿಯಲಾರೆವೇ? ಈ ಪಾಠವನ್ನು ಇಲ್ಲಿಯವರೆಗೆ ಓದಿದ್ದೀರಿ. ಕಲಿತಾಯಿತು ಅಂತಲೇ ಅರ್ಥ.

ನಮ್ಮ ಊರಿಗೆ ಇದರಿಂದ ಏನು?

ಭರತಪುರ ದೂರ ಇದೆ. ನಾವೆಲ್ಲ ಅಲ್ಲಿಗೆ ಹೋಗಲಾರೆವು. ಆದರೆ ಘನಾದಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ ನಮ್ಮ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲೂ ಗೂಡು ಕಟ್ಟುತ್ತದೆ. ಹೆಜ್ಜಾರ್ಲೆಯೂ ಅಲ್ಲಿಗೆ ಬರುತ್ತದೆ. ಅಲ್ಲಿ ಗೋಡೆ ಇಲ್ಲ. ಊರಿನ ನಡುವೆ, ಮನೆಯ ಹಿತ್ತಲಿನ ಹುಣಸೆ ಮರದ ಮೇಲೆ ಗೂಡು. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂದು ಜನ ನಂಬಿದ್ದಾರೆ. ಹಕ್ಕಿಯ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡಿದ್ದಾರೆ. ಅಲ್ಲಿ ಹಕ್ಕಿಗೂ ಜನಕ್ಕೂ ಮೊದಲಿಂದಲೂ ನೆಂಟಸ್ತನ.

ಒಂದು ಕಡೆ ರಾಜರು ಮೋಜಿಗೆ ಕಟ್ಟಿದ ವನ. ಇನ್ನೊಂದು ಕಡೆ ಬಡ ರೈತರು ಸಾಕಿದ ಮರ. ಎರಡು ಕಡೆಯೂ ಒಂದೇ ಹಕ್ಕಿ. ಅದಕ್ಕೆ ರಾಜ ಯಾರು, ರೈತ ಯಾರು ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ನೀರು, ಮೀನು, ಮರ, ಮತ್ತು ಕಲ್ಲು ಹೊಡೆಯದ ಜನ.

ಘನಾದ ಕಥೆ ಮುಗಿಸಿದ ದಿನ ನಮ್ಮ ಕೇಂದ್ರದ ಆ ಅಜ್ಜ ಇನ್ನೊಂದು ಮಾತು ಹೇಳಿದರು. "ನಮ್ಮ ಕೆರೆ ಏರಿ ಮೇಲೂ ಒಂದು ಕಲ್ಲು ಹಾಕ್ಸಾನ ಮೇಷ್ಟ್ರೇ. ಸತ್ತಿದ್ದು ಎಷ್ಟು ಅಂತ ಬ್ಯಾಡ. ಈ ವರ್ಷ ಎಷ್ಟು ಗೂಡು ಅಂತ ಬರೆಯಾನ." ಕಲ್ಲು ಹಾಕಿಸಲು ದುಡ್ಡು ಬೇಕು. ಸದ್ಯಕ್ಕೆ ನಾವು ಕೇಂದ್ರದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇವೆ. ಕೆರೆಯ ಹತ್ತಿರದ ಎರಡು ಮರ ನೋಡಿ ಬಂದು ಅಜ್ಜನೇ ಬರೆದರು. ಅಂಕಿ ಸ್ವಲ್ಪ ಸೊಟ್ಟ ಇದೆ. ಲೆಕ್ಕ ಸರಿಯಾಗಿದೆ.

ಕೂತು ಮಾತಾಡಿ

1. ನಿಮ್ಮ ಊರಿನ ಕೆರೆಯನ್ನು ಯಾರು ಕಟ್ಟಿಸಿದರು? ಹಿರಿಯರನ್ನು ಕೇಳಿ ಬರೆಯಿರಿ.
2. ಎಮ್ಮೆ ಹೋದ ಮೇಲೆ ಘನಾದ ನೀರಿಗೆ ಏನಾಯಿತು? ನಿಮ್ಮ ಮಾತಿನಲ್ಲಿ ಹೇಳಿ.
3. ನಿಮ್ಮ ಊರಲ್ಲಿ ಕಾಡು, ಗೋಮಾಳ, ಕೆರೆಗೆ ಏನಾದರೂ ನಿಯಮ ಇದೆಯೇ? ಆ ನಿಯಮ ಮಾಡುವಾಗ ನಿಮ್ಮನ್ನು ಕೇಳಿದ್ದರೇ?
4. ಕೆರೆಯ ಹತ್ತಿರ ನೀವು ನೋಡಿದ ಐದು ಹಕ್ಕಿಗಳ ಹೆಸರು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಅದು ಹೇಗಿದೆ ಎಂದು ಬರೆಯಿರಿ.